ಸಾಹೇಬರ ಮುಂದೆ ಬಾಯಿ ಬಿಡುವ ತಾಲೀಮು

ಹಡಗಿನ ಟಿಕೀಟು ಮಾರುವ ಆಫೀಸುಗಳಿಗೆ ಹೊಸದಾಗಿ ಸೇರಿದ ತರುಣರು ಆಗೀಗ ಪುಣೆಯ ಸದಾಶಿವ ಪೇಠೆಗೆ, ನಾಲ್ಕಾರು ಸಂಸಾರ ಕೂಡಿರುವ ನಮ್ಮ ವಾಡೆಗೆ ಬರುತ್ತಾರೆ. ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಾರೆ. ಆಮೇಲೆ ಮೆಲ್ಲಗೆ, "ರಾಯರ, ನೀವು ಹೆಡ್ ಕ್ಲಾರ್ಕ್ ಹ್ಯಾಂಗ ಆದ್ರಿ?" ಎಂದು ಕೇಳುತ್ತಾರೆ. ಅದನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ನನಗಿಂತ ಮೇಲಿದ್ದವನಿಗೆ ಹಡಗನ್ನು ನೋಡಿದರೇ ವಾಂತಿ ಬರುತ್ತಿತ್ತು. ನನಗೆ ಬರುತ್ತಿರಲಿಲ್ಲ. ನಾನು ಹೆಡ್ ಕ್ಲಾರ್ಕ್ ಆದೆ. ಇದರಲ್ಲಿ ನೀವು ಕಲಿಯುವಂಥದ್ದು ಏನೂ ಇಲ್ಲ. ಕಲಿಯುವಂಥದ್ದು ಬೇರೆ ಇದೆ, ಅದನ್ನು ಬರೆಯಲಿಕ್ಕೆ ಕೂತಿದ್ದೇನೆ. ಬರೆಯುವ ಮೊದಲೇ ನಗು ಬರುತ್ತಿದೆ, ಅಕ್ಷರ ಸೊಟ್ಟಗಾದರೆ ಕ್ಷಮಿಸಬೇಕು.

ಪುಣೆಯ ಕ್ಯಾಂಪಿನಲ್ಲಿ ನಮ್ಮ ರುಸ್ತುಂಜಿ ಶೇಠರ ಅಂಗಡಿ ಇತ್ತು. ಮುಂದಿನ ಕೋಣೆಯಲ್ಲಿ ಬಿಸ್ಕೀಟು ಮತ್ತು ಸೋಡಾ, ಹಿಂದಿನ ಕೋಣೆಯಲ್ಲಿ ಹಡಗಿನ ಟಿಕೀಟು. ಮೊಂಬಾಸಾ, ಝಾಂಜಿಬಾರ್, ನೈರೋಬಿ ಅಂತ ಹೊರಟ ಪುಣೆಯ ಗುಮಾಸ್ತರು, ದರ್ಜಿಗಳು, ಮಾಸ್ತರರು, ಅವರ ಹೆಂಡಂದಿರು, ಎಲ್ಲರೂ ನಮ್ಮ ಹಿಂದಿನ ಕೋಣೆಯಿಂದಲೇ ಸಮುದ್ರಕ್ಕೆ ಇಳಿಯುತ್ತಿದ್ದರು. ನಾನು ಸೇರಿದ ಕಾಲಕ್ಕೆ ಒಂದು ಹಾಸಿಗೆಯ ಸುರುಳಿ, ಒಂದು ಒಳ್ಳೆಯ ಮುಖ ಇದ್ದರೆ ಸಾಕು, ಹಡಗು ಹತ್ತಬಹುದಿತ್ತು. ಮೊದಲನೆಯ ಮಹಾಯುದ್ಧ ಬಂತು. ಅದರ ಹಿಂದೆಯೇ ಪಾಸ್‌ಪೋರ್ಟು, ಫೋಟೋ, ಮುದ್ರೆ, ಮುದ್ರೆಯ ಮೇಲೆ ಮುದ್ರೆ, ಇವೆಲ್ಲ ಮದುವೆಯ ಹಿಂದೆ ಬೀಗರು ಬಂದ ಹಾಗೆ ಬಂದವು. ಹಡಗು ದಡ ಮುಟ್ಟಿದರೂ ಜನ ಇಳಿಯುವಂತಿಲ್ಲ. ಒಬ್ಬ ಗೋರಾ ಸಾಹೇಬ ಮೇಲೆ ಹತ್ತಿ ಬಂದು, ಮೇಜು ಹಾಕಿಸಿಕೊಂಡು, ನೀ ಯಾರು, ಯಾಕೆ ಬಂದೆ, ಯಾರ ಮನೆಗೆ ಹೋಗುತ್ತೀ ಎಂದು ಕೇಳುತ್ತಾನೆ. ಉತ್ತರ ಸರಿ ಬಂದರೆ ದಡ. ಬರದಿದ್ದರೆ ಅದೇ ಹಡಗಿನಲ್ಲಿ ವಾಪಸ್ಸು ಮುಂಬಯಿ.

ಫೋಟೋದ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಮಗನ ಹತ್ತಿರ ಹೊರಟ ಒಬ್ಬ ಅಜ್ಜಿ, ಪರಪುರುಷನ ಕಡೆಗೆ ನೆಟ್ಟ ನೋಟ ನೋಡುವುದಿಲ್ಲ ಎಂದು ಫೋಟೋಗ್ರಾಫರನ ಮುಂದೆ ಮುಖ ತಿರುಗಿಸಿಯೇ ಕೂತಳು. ಎಷ್ಟು ಬೇಡಿದರೂ ಅಷ್ಟೇ. ಆಕೆಯ ಪಾಸ್‌ಪೋರ್ಟಿಗೆ ಬಿದ್ದದ್ದು ಬಲಗಿವಿ, ಬುಗುಡಿ ಸಮೇತ. ಇದು ಮುಂಬಯಿಯನ್ನು ಹ್ಯಾಗೆ ದಾಟಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಮೊಂಬಾಸಾದಲ್ಲಿ ಸಾಹೇಬ ಫೋಟೋ ನೋಡಿದ, ಅಜ್ಜಿಯನ್ನು ನೋಡಿದ, ಆಕೆಯನ್ನು ಎಡಕ್ಕೆ ತಿರುಗಿಸಿ ನಿಲ್ಲಿಸಿದ, ಬುಗುಡಿಯನ್ನು ಹತ್ತಿರದಿಂದ ಪರೀಕ್ಷೆ ಮಾಡಿದ, ಮುದ್ರೆ ಒತ್ತಿದ. ಕಾನೂನು ಎಂದರೆ ಏನು ಎಂದು ನನಗೆ ಅವತ್ತು ಅರ್ಥವಾಯಿತು.

ಈಗ ನನ್ನ ಖರೇ ಕೆಲಸಕ್ಕೆ ಬರುತ್ತೇನೆ. ಹೆಸರಿಗೆ ಕ್ಲಾರ್ಕ್, ಮಾಡಿದ್ದು ನಾಟಕ. ಪ್ರಯಾಣಕ್ಕೆ ಹೊರಟವರನ್ನು ನಮ್ಮ ವಾಡೆಯ ಅಂಗಳಕ್ಕೆ ಕರೆಸಿ ತಾಲೀಮು ಕೊಡಬೇಕು. ಬಿಸಿಲಿಗೆ ಗೋರಾಗಳು ಹಾಕುವಂಥ, ಶೇಠರ ಹಳೆಯ ಸೋಲಾ ಟೋಪಿ ಹಾಕಿಕೊಂಡು ನಾನು ಸಾಹೇಬನಾಗುತ್ತಿದ್ದೆ. ಟೋಪಿ ಕಿವಿಯ ತನಕ ಇಳಿಯುತ್ತಿತ್ತು. ನನಗೆ ಮೀಸೆ ಇಲ್ಲದ ಕಾರಣ, ಪ್ರಶ್ನೆ ಕೇಳುವಾಗ ಮೂಗಿನ ಕೆಳಗೆ ಬೆರಳು ಅಡ್ಡ ಇಟ್ಟುಕೊಳ್ಳುತ್ತಿದ್ದೆ. ಮಹಡಿಯ ಕಟಕಟೆಯಲ್ಲಿ ವಾಡೆಯ ಹೆಂಗಸರೆಲ್ಲ ಮೊರದಲ್ಲಿ ಅಕ್ಕಿ ಇಟ್ಟುಕೊಂಡು ನೋಡಲು ಕೂರುತ್ತಿದ್ದರು. ಪಾಠ ಹೇಳುತ್ತಿದ್ದವನು ನಾನು. ನಗೆಗೆ ಈಡಾಗುತ್ತಿದ್ದವನೂ ನಾನೇ.

"ಬಿಂದೂರಾಯರ, ಸಾಯೇಬ್ರ ಧೋತ್ರದ ಕಚ್ಚಿ ಬಿಚ್ಚೇದ ನೋಡ್ರಿ!" ಎಂದು ಮೇಲಿನಿಂದ ನನಗೇ ಕೂಗು ಬರುತ್ತಿತ್ತು.

ವರ್ಷಕ್ಕೆ ಒಂದೆರಡು ಸಲ ಹೆಂಗಸರು ಮಕ್ಕಳು ಇದ್ದ ಗುಂಪಿನ ಜೊತೆಗೆ ಶೇಠರು ನನ್ನನ್ನೂ ಹಡಗಿನಲ್ಲಿ ಕಳಿಸುತ್ತಿದ್ದರು. ತಿರುಗಿ ಬಂದಾಗ ನಮ್ಮವ್ವ ಬಾಗಿಲಲ್ಲೇ ಪಂಚಗವ್ಯ ಹಿಡಿದು ನಿಂತಿರುತ್ತಿದ್ದಳು. ಸಮುದ್ರ ದಾಟಿದ ಪಾಪಕ್ಕೆ ಅದನ್ನು ಕುಡಿಯದೆ ಒಳಗೆ ಪ್ರವೇಶವಿಲ್ಲ. "ಅವ್ವಾ, ಸ್ವಲ್ಪ ಸಕ್ಕರಿಯಾದ್ರೂ ಹಾಕ," ಎಂದರೆ, "ಪ್ರಾಯಶ್ಚಿತ್ತಕ್ಕ ಯಾರರೆ ಸಕ್ಕರಿ ಹಾಕತಾರೇನೋ?" ಎನ್ನುತ್ತಿದ್ದಳು. ನಾನು ಕಂಡ ಅಧಿಕಾರಿಗಳಲ್ಲಿ ನಮ್ಮವ್ವನೇ ಕಠಿಣ.

ಶೇಠರು ಒಳ್ಳೆಯ ಮನುಷ್ಯರು. ಆದರೆ ಅವರಿಗೊಂದು ಸಿದ್ಧಾಂತ ಇತ್ತು: ಸಾಹೇಬನಿಗೆ ಅನುಮಾನ ಬರುವುದು ತಡವರಿಸಿದಾಗ, ಆದ್ದರಿಂದ ಉತ್ತರ ಬಾಯಿಪಾಠ ಇರಬೇಕು. ನಾನು ಹಾಗೆಯೇ ಕಲಿಸಿದೆ. "ನಿನ್ನನ್ನು ಕರೆದೊಯ್ಯಲು ಯಾರು ಬರುತ್ತಾರೆ ಅಂತ ಕೇಳಿದರೆ, ಉದಾಹರಣೆಗೆ, ನಮ್ಮ ಸೋದರಮಾವ ಗೋವಿಂದರಾವ್, ಚಷ್ಮಾ ಹಾಕಿರತಾರೆ ಅಂತ ಹೇಳಬೇಕು," ಎಂದೆ. ಉದಾಹರಣೆಗೆ ಎಂಬುದನ್ನು ಸ್ಪಷ್ಟವಾಗಿಯೇ ಹೇಳಿದ್ದೆ. ಆದರೆ ನಮ್ಮ ಜನ ಚಿಕ್ಕಂದಿನಿಂದ ಮಂತ್ರ ಕಲಿತವರು. ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಹೇಳಬೇಕು, ಒಂದಕ್ಷರ ತಪ್ಪಿದರೆ ಫಲವಿಲ್ಲ ಎಂಬುದು ರಕ್ತದಲ್ಲಿದೆ. ನಾನೂ ಜೊತೆಗೆ ಹೋದ ಒಂದು ಸಲ, ಮೊಂಬಾಸಾದಲ್ಲಿ ಮೊದಲನೆಯವನು ಮೇಜಿನ ಮುಂದೆ ನಿಂತು, "ಸೋದರಮಾವ ಗೋವಿಂದರಾವ್, ಚಷ್ಮಾ ಹಾಕಿರತಾರೆ," ಎಂದ. ಅವನ ನಿಜವಾದ ಅಣ್ಣ ದಕ್ಕೆಯ ಮೇಲೆ ನಿಂತು ಕೈ ಬೀಸುತ್ತಿದ್ದ. ಎರಡನೆಯವನೂ ಸೋದರಮಾವ ಗೋವಿಂದರಾವ್ ಎಂದ. ಮೂರನೆಯವನೂ ಅದೇ. ನಮ್ಮ ಗುಂಪಿನ ಏಳೂ ಗಂಡಸರು ಗೋವಿಂದರಾವರ ಸೋದರಳಿಯಂದಿರಾದರು.

ಈ ಸಾಹೇಬನ ಮೀಸೆ ಕೆಂಪಗೆ, ದಪ್ಪಗೆ, ಬಾಯಿಯನ್ನು ಪೂರ್ತಿ ಮುಚ್ಚಿತ್ತು. ಅವನಿಗೆ ಕೆಂಪುಮೀಸೆ ಎಂದೇ ನಾವು ಹೆಸರಿಟ್ಟಿದ್ದೆವು. ಅವನು ಎದ್ದು ಹಡಗಿನ ಅಂಚಿಗೆ ಹೋಗಿ, ಕೆಳಗಿನ ಗುಂಪಿಗೆ, "ಗೋವಿಂದರಾವ್!" ಎಂದು ಗುಡುಗಿದ. ದೇವರ ಲೀಲೆ ನೋಡಿ, ಕೆಳಗೆ ಒಬ್ಬ ನಿಜವಾದ ಗೋವಿಂದರಾವ್ ನಿಂತಿದ್ದ. ಊರಿಂದ ಬಂದ ಹಪ್ಪಳದ ಡಬ್ಬಿ ಒಯ್ಯಲಿಕ್ಕೆ ಬಂದ ಯಾರೋ ಪುಣ್ಯಾತ್ಮ. ಚಷ್ಮಾ ಸಹ ಹಾಕಿದ್ದ! ಸಾಹೇಬ ಅವನನ್ನು ಮೇಲೆ ಕರೆಸಿ, "ಈ ಏಳೂ ಜನ ನಿನ್ನ ಅಳಿಯಂದಿರೋ?" ಎಂದು ಕೇಳಿದ. ಗೋವಿಂದರಾವ್ ಆ ಏಳು ಮುಖಗಳನ್ನು ನೋಡಿದ. ಏಳೂ ಮುಖಗಳು ಅವನನ್ನು ನೋಡಿದವು.

"ಹೋಯ್ ಸಾಹೇಬ್," ಎಂದ ಅವನು ಮರಾಠಿಯಲ್ಲಿ. "ಹೌದು. ನನಗೆ ಅಕ್ಕತಂಗಿಯರು ಬಹಳ."

ಅವತ್ತು ಏಳೂ ಜನ ಇಳಿದರು. ಆದರೆ ಕೆಂಪುಮೀಸೆ ದಡ್ಡನಲ್ಲ. ನನ್ನನ್ನು ಕರೆದು ಎದುರಿಗೆ ನಿಲ್ಲಿಸಿಕೊಂಡು ಹೊಸ ನಿಯಮ ಹೇಳಿದ. ಇನ್ನು ಮುಂದೆ ಪುಣೆಯ ಗುಂಪು ಬಂದರೆ ಏಜೆಂಟ್, ಅಂದರೆ ನಾನು, ಮೇಜಿನ ಸುತ್ತ ಕಟ್ಟಿದ ಹಗ್ಗದ ಆಚೆ ನಿಲ್ಲಬೇಕು, ತುಟಿ ಪಿಟ್ಟೆನ್ನಬಾರದು. ಗಂಡನ ಹತ್ತಿರ ಬರುವ ಹೆಂಗಸು ಒಬ್ಬಳೇ ಮೇಜಿನ ಮುಂದೆ ನಿಂತು, ಕಾಗದ ತೋರಿಸದೆ, ತನ್ನ ಬಾಯಿಯಿಂದಲೇ ಗಂಡನ ಹೆಸರು ಹೇಳಬೇಕು. ಹೆಂಡತಿಯಾದವಳಿಗೆ ಅದಕ್ಕಿಂತ ಸುಲಭದ ಪ್ರಶ್ನೆ ಜಗತ್ತಿನಲ್ಲೇ ಇಲ್ಲ ಎಂದು ಅವನ ತಿಳಿವಳಿಕೆ.

ಪಾಪ, ಸಾಹೇಬನಿಗೆ ನಮ್ಮ ಹೆಂಗಸರು ಗೊತ್ತಿರಲಿಲ್ಲ.

ಮುಂದಿನ ಗುಂಪಿನಲ್ಲಿ ತುಂಗಕ್ಕ ಇದ್ದಳು. ನಮ್ಮ ವಾಡೆಯ ಆಚೆ ಬದಿಗೆ ಧಾರವಾಡದ ಕಡೆಯ ಅಂಬಕ್ಕ ಎಂಬ ವಿಧವೆ ಇದ್ದಳು. ತುಂಗಕ್ಕ ಆಕೆಯ ಸೊಸೆ. ಮಗ ನೈರೋಬಿಯಲ್ಲಿ ರೈಲ್ವೆ ಗುಮಾಸ್ತ. ಮದುವೆಯಾಗಿ, ಹೆಂಡತಿಯನ್ನು ಮನೆ ತುಂಬಿಸಿಕೊಂಡು, ಸ್ವಲ್ಪ ದಿನಕ್ಕೇ ಹಡಗು ಹತ್ತಿದವನು ವರ್ಷಗಳ ಮೇಲೆ ಈಗ ಕ್ವಾರ್ಟರ್ಸ್ ಸಿಕ್ಕಿತೆಂದು ಕರೆಸಿಕೊಳ್ಳುತ್ತಿದ್ದ. ಸಾಹೇಬ ಒಲ್ಲೆ ಎಂದರೆ ತುಂಗಕ್ಕ ಅದೇ ಹಡಗಿನಲ್ಲಿ ತಿರುಗಿ ಬರಬೇಕು, ಆಮೇಲೆ ಅವನ ರಜೆಯ ದಾರಿ ಕಾಯಬೇಕು. ರಜೆ ಯಾವಾಗ ಎಂಬುದು ಅವನಿಗೂ ಗೊತ್ತಿಲ್ಲ, ರೈಲ್ವೆಗೂ ಗೊತ್ತಿಲ್ಲ. ಅಷ್ಟು ವರ್ಷ ಗೋಡೆಗೆ ತೂಗುಹಾಕಿದ ಫೋಟೋ ನೋಡಿಕೊಂಡು ಸಂಸಾರ ಮಾಡಿದ ಹುಡುಗಿ ಆಕೆ.

ತಾಲೀಮಿಗೆ ಅತ್ತೆ ಸೊಸೆ ಇಬ್ಬರೂ ಬಂದರು. ನಾನು ಟೋಪಿ ಹಾಕಿಕೊಂಡು, ಬೆರಳಿನ ಮೀಸೆ ಇಟ್ಟುಕೊಂಡು, "ಗಂಡನ ಹೆಸರು?" ಎಂದು ಗದರಿಸಿದೆ.

ತುಂಗಕ್ಕ ಸೆರಗು ಎಳೆದುಕೊಂಡು ನೆಲ ನೋಡಿದಳು.

"ಹಣಮಂತ!" ಎಂದಳು ಅಂಬಕ್ಕ. "ನಮ್ಮ ಹಣಮ್ಯಾ. ಹೇಳವಾ ತಾಯಿ."

"ನೀವು ಹೇಳಿದ್ರ ನಡ್ಯೂದಿಲ್ರಿ ಅಂಬಕ್ಕ. ಆಕೀನ ಹೇಳಬೇಕು."

"ನಾ ಹ್ಯಾಂಗ ಹೇಳಲಿ ರಾಯರ?" ಎಂದಳು ತುಂಗಕ್ಕ ಸೆರಗಿನೊಳಗಿಂದ. "ಹೆಸರು ಹೇಳಿದ್ರ ಅವರ ಆಯುಷ್ಯ ಕಡಿಮಿ ಆಗತದಂತ."

"ಒಂದ ಸಲಕ್ಕ ಎಷ್ಟು ಕಡಿಮಿ ಆದೀತು? ಒಂದು ದಿನ?"

"ಆ ಒಂದು ದಿನಾ ನೀವು ಕೊಡತೀರೇನ್ರಿ?"

ಮಹಡಿಯ ಮೇಲೆ ಮೊರಗಳೆಲ್ಲ ಕುಣಿದವು. ನಾನು ಟೋಪಿ ಸರಿ ಮಾಡಿಕೊಂಡೆ. ಅಂಬಕ್ಕ, "ನಾ ಕಿವಿ ಮುಚಗೋತೀನಿ, ನೀ ಹೇಳ," ಎಂದು ಎರಡೂ ಕಿವಿ ಮುಚ್ಚಿಕೊಂಡು ಅಂಗಳದ ಮೂಲೆಗೆ ಹೋಗಿ ನಿಂತಳು. ತುಂಗಕ್ಕ "ಹ" ಎಂದಳು. ಅಲ್ಲಿಗೆ ನಿಂತಿತು. ಕಿವಿ ಮುಚ್ಚಿಕೊಂಡ ಅಂಬಕ್ಕ ಅಲ್ಲಿಂದಲೇ, "ಹೇಳಿದಳೇನ್ರಿ?" ಎಂದು ಒದರುತ್ತಿದ್ದಳು.

ಮೇಲಿನಿಂದ ಯಾರೋ, "ಏ ತುಂಗಾ, ಒಡಪು ಹಾಕಿ ಹೇಳಿಬಿಡ, ಅದಕ್ಕ ದೋಷ ಇಲ್ಲ," ಎಂದರು. ಒಡಪು ನಿಮಗೆ ಗೊತ್ತೇ ಇದೆ. ಪದ್ಯ ಕಟ್ಟಿ, ಅದರ ನಡುವೆ ಗಂಡನ ಹೆಸರು ಇಟ್ಟು ಹೇಳುವುದು, ನಮ್ಮ ಹೆಂಗಸರು ಕಂಡುಕೊಂಡ ದಾರಿ. ಮರಾಠಿಯವರೂ ಹೇಳುತ್ತಾರೆ. ಆದರೆ ತುಂಗಕ್ಕ ತಲೆ ಎತ್ತಿ, "ಹೊಸ್ತಲದಾಗ ನಾದಿನಿ ಅಡ್ಡ ನಿಂತಾಗ ಹೇಳೂದರಿ ಅದು. ಟೋಪಿ ಹಾಕ್ಕೊಂಡಾವರ ಮುಂದ ಏನ್ ಒಡಪು?" ಎಂದಳು. ನಾನೂ ಹೌದು ಎಂದೆ. ಸರಕಾರಿ ಮೇಜಿನ ಮುಂದೆ ಪದ್ಯ ಹೇಳಿದರೆ ಯರವಡೆಯ ಹುಚ್ಚರ ಆಸ್ಪತ್ರೆಗೇ ಟಿಕೀಟು ತೆಗೆಸಬೇಕಾದೀತು ಎಂದು ಶಾಸ್ತ್ರೋಕ್ತವಾಗಿ ವಿವರಿಸಿದೆ. ನನ್ನ ವೃತ್ತಿಯಲ್ಲಿ ನಾನು ಕೊಟ್ಟ ಸಲಹೆಗಳಲ್ಲೆಲ್ಲ ಶ್ರೇಷ್ಠವಾದದ್ದು ಇದೇ.

ಹಡಗಿನಲ್ಲಿಯೂ ತಾಲೀಮು ನಡೆಯಿತು. ದಿನಾ ಬೆಳಿಗ್ಗೆ ತುಂಗಕ್ಕ ಡೆಕ್ಕಿನ ಮೇಲೆ ನಿಂತು ಸಮುದ್ರದ ಕಡೆಗೆ ಬಾಯಿ ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು. ನೋಡಿದವರು ಪಾಪ, ಈ ಹುಡುಗಿಗೆ ಹೊಟ್ಟೆ ತೊಳಸುತ್ತಿದೆ ಎಂದು ಲಿಂಬೆಹಣ್ಣು ತಂದು ಕೊಟ್ಟರು. ಮೊಂಬಾಸಾ ಮುಟ್ಟುವ ತನಕ ಆಕೆಯ ಹತ್ತಿರ ಒಂದು ಬುಟ್ಟಿ ಲಿಂಬೆಹಣ್ಣು ಕೂಡಿತು. ಹೆಸರು ಮಾತ್ರ "ಹ"ದ ಮುಂದೆ ಹೋಗಲಿಲ್ಲ.

ಅಂತೂ ಆ ದಿನ ಬಂತು. ಇಳಿಯುವ ಏಣಿಯ ಬಾಯಿಗೆ ಮೇಜು, ಮೇಜಿನ ಹಿಂದೆ ಕೆಂಪುಮೀಸೆ, ಪಕ್ಕದಲ್ಲಿ ಅವನ ದುಭಾಷಿ ಪೆದ್ರು. ಪೆದ್ರು ಗೋವೆಯವನಾದರೂ ಬೆಳಗಾವಿಯಲ್ಲಿ ಬೆಳೆದವನು, ಕನ್ನಡ ಮರಾಠಿ ಎರಡನ್ನೂ ಚೆನ್ನಾಗಿ ಆಡುತ್ತಿದ್ದ. ನನ್ನನ್ನು ಹಗ್ಗದ ಆಚೆ ನಿಲ್ಲಿಸಿದರು. ಕೆಳಗೆ ದಕ್ಕೆಯ ಮೇಲೆ ಬಿಳಿ ಕೋಟು ಹಾಕಿಕೊಂಡು ಹಣಮಂತರಾಯ ನಿಂತಿದ್ದ. ಕೊಡೆ ಬಿಚ್ಚಿ ಬೀಸುತ್ತಿದ್ದ, ಮುಚ್ಚಿ ಬೀಸುತ್ತಿದ್ದ, ಪಕ್ಕದವರ ಟೋಪಿ ಬೀಳಿಸುತ್ತಿದ್ದ.

"ಗಂಡನ ಹೆಸರೇನ್ರಿ?" ಎಂದ ಪೆದ್ರು.

ತುಂಗಕ್ಕ ಪಾಸ್‌ಪೋರ್ಟಿನ ಕಡೆಗೆ ಕೈ ಮಾಡಿದಳು. ಸಾಹೇಬ ಅದರ ಮೇಲೆ ಅಂಗೈ ಇಟ್ಟು ಮುಚ್ಚಿದ. ಆಕೆ ಕೆಳಗೆ ಕೊಡೆಯ ಕಡೆಗೆ ಬೆರಳು ತೋರಿಸಿದಳು.

"ಬೆರಳು ಬ್ಯಾಡ್ರಿ, ಬಾಯಿ," ಎಂದ ಪೆದ್ರು.

"ಹ..." ಎಂದಳು ತುಂಗಕ್ಕ. ಮುಂದೆ ಗಾಳಿ. ಕಣ್ಣಿನಲ್ಲಿ ನೀರು ತುಂಬಿತು. ನಾನು ಹಗ್ಗ ಹಿಡಿದುಕೊಂಡು ಇದ್ದ ದೇವರನ್ನೆಲ್ಲ ನೆನೆದೆ. ಆ ಹೊತ್ತಿಗೆ ಒಂದು ಹೆಸರು ಹೇಳಿಬಿಡುವ ಬಾಯಿ ನನಗಿತ್ತು, ಹೇಳುವ ಅಪ್ಪಣೆ ಇರಲಿಲ್ಲ. ಅಷ್ಟು ಸಂಕಟ ನನಗೆ ಜನ್ಮದಲ್ಲಿ ಆಗಿಲ್ಲ.

ಸಾಹೇಬ ಸ್ವಲ್ಪ ಕಾದ. ಆಮೇಲೆ ತಲೆ ಅಲ್ಲಾಡಿಸಿ, ವಾಪಸ್ಸು ಹೋಗುವವರ ಬೆಂಚಿನ ಕಡೆಗೆ ಕೈ ತೋರಿಸಿ, "ಸೈಡ್," ಎಂದ. ಅದೇ ಹೊತ್ತಿಗೆ ಕೆಳಗಿನಿಂದ ಹಣಮಂತರಾಯ, "ತುಂಗಾ!" ಎಂದು ಕೂಗಿದ. ತುಂಗಕ್ಕ ತನ್ನ ಹೆಸರನ್ನು ಆ ಬಾಯಿಯಿಂದ ಕೇಳಿ ವರ್ಷಗಳಾಗಿದ್ದವು. ಆಕೆಗೆ ಅರಿವೇ ಇಲ್ಲದೆ ಕಾಲುಗಳು ಬೆಂಚಿನ ಕಡೆ ಹೋಗುವ ಬದಲು ಏಣಿಯ ಕಡೆಗೆ ಹೋದವು.

ಸಾಹೇಬ ತಟಕ್ಕನೆ ಎದ್ದು, ಏಣಿಯ ಬಾಯಿಗೆ ಬಂದು, ಈ ಕಂಬದಿಂದ ಆ ಕಂಬಕ್ಕೆ ಕೈ ಅಡ್ಡ ಚಾಚಿ ನಿಂತು, "ನೇಮ್!" ಎಂದು ಕೂಗಿದ.

ತುಂಗಕ್ಕ ನಿಂತಳು. ಅಡ್ಡ ಚಾಚಿದ ಆ ಕೈಯನ್ನು ನೋಡಿದಳು. ಸಾಹೇಬನ ಮುಖ ನೋಡಿದಳು. ಆಕೆಯ ಮುಖದ ಮೇಲೆ ಏನೋ ಬದಲಾಯಿತು. ಕಣ್ಣೊರೆಸಿಕೊಂಡಳು, ಸೆರಗು ಸರಿ ಮಾಡಿಕೊಂಡಳು, ಕುತ್ತಿಗೆ ಒಂದಿಷ್ಟು ಓರೆ ಮಾಡಿದಳು. ಹೊಸ ಮದುಮಗಳ ನಗು ನಕ್ಕು, ಇಡೀ ಡೆಕ್ಕಿಗೆ ಕೇಳುವ ಹಾಗೆ ಹೇಳಿದಳು:

"ಕಡಲ ದಾಟಿ ಬಂದೀನಿ, ಬೇಸನ ಉಂಡಿ ತಂದೀನಿ,
ಹಣಮಂತರಾಯರ ಹೆಸರ ಹೇಳಿ, ದಾರಿ ಬಿಡ್ರಿ ಅಂದೀನಿ!"

ಪೆದ್ರು ಹೊಟ್ಟೆ ಹಿಡಿದುಕೊಂಡು ನಗಲಿಕ್ಕೆ ಸುರು ಮಾಡಿದ. ಸಾಹೇಬ ಕೆಂಪಗಾಗಿ, ಈ ಹೆಂಗಸು ಯಾಕೆ ಹಾಡುತ್ತಿದ್ದಾಳೆ ಎಂದು ಕೇಳಿದ. ಪೆದ್ರು ನಗು ತಡೆದುಕೊಂಡು ಇಂಗ್ಲಿಷಿನಲ್ಲಿ ವಿವರಿಸಿದ: ಹೆಸರು ಹೇಳಿದ್ದಾಳೆ ಸರ್, ಪದ್ಯದಲ್ಲಿ ಇದೆ. ನಮ್ಮ ಕಡೆ ಹೊಸ ಸೊಸೆ ಗಂಡನ ಮನೆಯ ಹೊಸ್ತಿಲಿಗೆ ಬಂದಾಗ ಗಂಡನ ತಂಗಿ ಹೀಗೆ ಕೈ ಅಡ್ಡ ಹಿಡಿಯುತ್ತಾಳೆ. ಹೆಸರು ಹೇಳಿದ ಮೇಲೆ ಬಿಡಲೇಬೇಕು. ಈಗ ಆ ತಂಗಿ ನೀವು ಸರ್.

"ಐ ಆಮ್ ವಾಟ್?" ಎಂದ ಸಾಹೇಬ.

ಆಮೇಲೆ ಅವನಿಗೆ ನನ್ನ ನೆನಪಾಯಿತು. ಇದೂ ಏಜೆಂಟನ ತಾಲೀಮೇ ಎಂದು ಅನುಮಾನಪಟ್ಟು ಹಗ್ಗದ ಕಡೆಗೆ ತಿರುಗಿದ. ನನ್ನ ಬಾಯಿ ಗುಹೆಯ ಹಾಗೆ ತೆರೆದುಕೊಂಡಿತ್ತು. ಇಲ್ಲ ಇಲ್ಲ ಎಂದು ಎಷ್ಟು ಜೋರಾಗಿ ತಲೆ ಅಲ್ಲಾಡಿಸಿದೆನೆಂದರೆ ಟೋಪಿ ಹಾರಿ ಸಮುದ್ರಕ್ಕೆ ಬಿತ್ತು. ಇಂಥ ಪೆಚ್ಚು ಮೋರೆಯನ್ನು ಯಾವ ನಾಟಕದವನಿಂದಲೂ ಮಾಡಲಿಕ್ಕಾಗದು ಎಂದು ಸಾಹೇಬನಿಗೆ ಮನವರಿಕೆಯಾಗಿರಬೇಕು. ಕೈ ಇಳಿಸಿದ.

ಅಷ್ಟಕ್ಕೆ ತುಂಗಕ್ಕ ಹೋಗಲಿಲ್ಲ. ದಾರಿ ಬಿಟ್ಟ ನಾದಿನಿಗೆ ಉಡುಗೊರೆ ಕೊಡಬೇಕಲ್ಲ! ಗಂಟು ಬಿಚ್ಚಿ, ಕಡಲೆಹಿಟ್ಟಿನ ಒಂದು ಬೇಸನ ಉಂಡಿ ತೆಗೆದು, ಸಾಹೇಬನ ಅಂಗೈಯಲ್ಲಿ ಇಟ್ಟಳು. ಯಾರ ಕೈಯಿಂದಲೂ ಒಂದು ಲೋಟ ನೀರು ಮುಟ್ಟದ ಮನುಷ್ಯ ಅವನು. ಅದನ್ನು ಹಾವಿನ ಮರಿ ಹಿಡಿದಂತೆ ಹಿಡಿದುಕೊಂಡು ಪೆದ್ರುವಿನ ಮುಖ ನೋಡಿದ. "ತಿನ್ನದಿದ್ದರೆ ಮದುಮಕ್ಕಳಿಗೆ ಅಪಶಕುನ ಸರ್," ಎಂದ ಪೆದ್ರು, ಬಹಳ ಗಂಭೀರವಾಗಿ. ಸಾಹೇಬ ಆಚೆ ಈಚೆ ನೋಡಿದ. ಇಡೀ ಉಂಡಿಯನ್ನು ಒಂದೇ ಸಲಕ್ಕೆ ಬಾಯಿಗೆ ಹಾಕಿಕೊಂಡ. ಮೀಸೆಯ ತುಂಬ ಬೇಸನದ ಪುಡಿ ಹಚ್ಚಿಕೊಂಡು, ಅಗಿಯುತ್ತ ಅಗಿಯುತ್ತ ಮುದ್ರೆ ಒತ್ತಿದ. ಡೆಕ್ಕಿನ ತುಂಬ ಚಪ್ಪಾಳೆ. ಸಾಲಿನಲ್ಲಿ ಹಿಂದೆ ನಿಂತ ಹೆಂಗಸರೆಲ್ಲ ಗುಜಗುಜು ಎಂದು ತಮ್ಮ ತಮ್ಮ ಗಂಟು ಬಿಚ್ಚಲಿಕ್ಕೆ ಸುರು ಮಾಡಿದ್ದನ್ನು ನೋಡಿ ಅವನು ಗಾಬರಿಯಾಗಿ ನೀರು ಕೇಳಿದ.

ತರುಣರೇ, ನೀವು ಉತ್ತರ ಕಲಿಸಿ, ಬೇಡ ಅನ್ನುವುದಿಲ್ಲ. ಅದೇ ನಿಮ್ಮ ಹೊಟ್ಟೆಪಾಡು. ಆದರೆ ಮೇಜಿನ ಮುಂದೆ ನಿಂತವರು ನೀವು ಕಲಿಸದ ಉತ್ತರ ಕೊಟ್ಟರೆ ಹಗ್ಗ ಹಿಡಿದುಕೊಂಡು ಸುಮ್ಮನೆ ನೋಡಿ, ಟೋಪಿ ಮಾತ್ರ ಭದ್ರ ಇರಲಿ.

ತುಂಗಕ್ಕನ ಪೆಟ್ಟಿಗೆ ಹೊತ್ತುಕೊಂಡು ನಾನೂ ಹಿಂದೆ ಇಳಿದೆ. ಅಂಬಕ್ಕನಿಗೆ ಹೇಳಲಿಕ್ಕೆ ಬೇಕಲ್ಲ, ಮಗ ಸೊಸೆ ಕೂಡಿದ್ದನ್ನು ಕಣ್ಣಾರೆ ನೋಡಬೇಕಿತ್ತು. ಹಣಮಂತರಾಯ ಕೊಡೆ ಎಲ್ಲಿಯೋ ಒಗೆದು ಓಡಿ ಬಂದ. ಗದ್ದಲದಲ್ಲಿ ಅವನಿಗೆ ಚಪ್ಪಾಳೆ ಕೇಳಿಸಿತ್ತು, ಮಾತು ಕೇಳಿಸಿರಲಿಲ್ಲ.

"ಏನಾತು? ಏನ್ ಕೇಳಿದಾ ಅವ?" ಎಂದ.

"ಏನಿಲ್ರಿ. ಹೊಸ್ತಲದಾಗ ನಿಮ್ಮ ತಂಗಿ ಕೇಳಿದ್ದನ್ನ ಕೇಳಿದಾ," ಎಂದಳು ಆಕೆ.

"ನೀ ಏನ್ ಹೇಳಿದಿ?"

ತುಂಗಕ್ಕ ಸೆರಗು ಎಳೆದುಕೊಂಡು ನೆಲ ನೋಡಿದಳು.

"ಅದನ್ನ ನಿಮ್ಮ ಮುಂದ ಹ್ಯಾಂಗ ಹೇಳಲಿ?" ಎಂದಳು.